ಕಡಲಿನಲ್ಲಿ ಉಳಿದ ಒಂದೇ ಬೇಲಿ

ಅತ್ತಾಯ, ಕೆರ್ಕೆನ್ನಾ ದ್ವೀಪ
14 ಸೆಪ್ಟೆಂಬರ್ 2002

ತಮ್ಮ ಫರ್ಹಾತ್,

ಬದುಕಿದ್ದೀಯೋ ಇಲ್ಲವೋ ಎಂದು ಕೇಳುವುದಕ್ಕೂ ನಾನೇ ಮೊದಲು ಬರೆಯಬೇಕು. ಫೋನ್ ಮಾಡು ಎನ್ನುತ್ತೀಯ. ಫೋನಿನ ಅಂಗಡಿಯಲ್ಲಿ ನಾನು ಬಾಯಿ ತೆರೆದರೆ ಅರ್ಧ ಊರು ಕಿವಿ ತೆರೆದು ಕೂತಿರುತ್ತದೆ. ಕಾಗದವೇ ವಾಸಿ. ಸಿಸಿಲಿಗೆ ಹೋಗಿ ತಲುಪುವಷ್ಟರಲ್ಲಿ ಕೋಪ ಅರ್ಧ ಆರಿರುತ್ತದೆ.

ಮೀನು ಹಿಡಿಯಲು ಕಡಲಿನಲ್ಲಿ ಗರಿಯ ಬೇಲಿ ನೆಡುವ ಕಾಲ ಬಂತು. ಹೋದ ವರ್ಷ ನಮ್ಮ ಪಾಲಿನ ಕಡಲು ಬರಿದೇ ಬಿದ್ದಿತ್ತು. ನನ್ನ ಗಂಡ ತೀರಿಕೊಂಡ ವರ್ಷ ಅದು, ಯಾರೂ ಏನೂ ಅನ್ನಲಿಲ್ಲ. ಈ ಸಲ ಅಶೂರ್ ಮಾವ ಮನೆ ಬಾಗಿಲಿಗೇ ಬಂದರು. ಕಡಲಿನ ಗಡಿ ಜಗಳ ತೀರಿಸುವ ಹಿರಿಯರಲ್ಲವೇ, ಕೆಮ್ಮುವುದರಲ್ಲೂ ಒಂದು ಗತ್ತು.

“ಮನ್ನೂಬಿಯಾ, ನಿಯಮ ನಿಂಗೂ ಗೊತ್ತು. ಎರಡು ವರ್ಷ ಬೇಲಿ ನಿಲ್ಲದೇ ಇದ್ರೆ ಆ ಪಾಲು ಊರಿಗೆ ಸೇರುತ್ತೆ. ಆಮೇಲೆ ನಮ್ಮಪ್ಪನ ಕಡಲು ಅಂತ ನನ್ನ ಹತ್ರ ಬಂದು ಅಳ್ಬೇಡ.”

“ನಿಮ್ಮ ಹತ್ರ ಅತ್ತು ಏನ್ ಪ್ರಯೋಜನ ಮಾವ, ನಿಮಗೆ ಕಿವಿ ಕೇಳ್ಸಲ್ಲ” ಎಂದೆ.

“ಬೈಯೋದು ಮಾತ್ರ ಚೆನ್ನಾಗಿ ಕೇಳ್ಸುತ್ತೆ” ಎಂದು ನಕ್ಕು, ಚಹಾ ಕುಡಿದು ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು, “ಜೂನ್ ತಿಂಗಳವರೆಗೆ ಬೇಲಿ ನಿಂತಿರ್ಬೇಕು, ಮಗಳೇ. ಸುಮ್ನೆ ನಾಲ್ಕು ಗರಿ ಚುಚ್ಚಿ ತೋರ್ಸಿದ್ರೆ ಆಗಲ್ಲ” ಎಂದರು. ತಮಾಷೆ ಅಲ್ಲ ಎಂದು ಆಗ ಗೊತ್ತಾಯಿತು.

ಅಪ್ಪ ಸಾಯುವಾಗ ನಮಗಿಬ್ಬರಿಗೂ ಬಿಟ್ಟದ್ದು ಅದೊಂದೇ. ನೀನು ಬರಲು ಆಗುವುದಿಲ್ಲ ಎಂದು ಗೊತ್ತು. ಖರ್ಜೂರದ ಗರಿ ಕೊಳ್ಳಲು, ನೆಡುವ ಆಳುಗಳಿಗೆ ಕೊಡಲು ಏನಾದರೂ ಕಳಿಸು. ಕೇಳಲು ನಾಚಿಕೆ. ಆದರೆ ಪಾಲು ಹೋದರೆ ನಾನು ಈ ಊರಿನಲ್ಲಿ ಯಾರ ಮಗಳು ಎಂದು ಹೇಳಿಕೊಳ್ಳಲಿ?

ಅಕ್ಕ ಮನ್ನೂಬಿಯಾ


ಮಜಾರಾ, ಸಿಸಿಲಿ
10 ಅಕ್ಟೋಬರ್ 2002

ಅಕ್ಕಾ,

ಬದುಕಿದ್ದೇನೆ. ಬೆನ್ನು ಮಾತ್ರ ನನಗಿಂತ ಮೊದಲೇ ಹೋಗುವ ಹಾಗಿದೆ.

ಊರಿಗೆ ಹೊರಟ ಸುಲೇಮಾನನ ಕೈಯಲ್ಲಿ ದುಡ್ಡು ಕಳಿಸಿದ್ದೇನೆ. ಅವನು ದೋಣಿ ಇಳಿದ ಕೂಡಲೇ ಹಿಡಿದುಕೋ. ಸಂಜೆಯಾದರೆ ಕಾಫಿ ಅಂಗಡಿಯ ಇಸ್ಪೀಟಿಗೆ ಹೋಗುತ್ತದೆ. ಹಳೆಯ ಗರಿ ಕೊಳ್ಳಬೇಡ, ಈ ಚಳಿಗಾಲಕ್ಕೇ ಕೊಳೆತು ಬೀಳುತ್ತದೆ.

ನಮ್ಮ ಯಜಮಾನ ಗಾಸ್ಪರೆಯ ಟ್ರಾಲರಿನಲ್ಲಿ ಕೆಲಸ ಎಂದಿನಂತೆ ನಡೆದಿದೆ. ಎಲ್ಲಿ ಹಿಡಿಯುತ್ತೀರಿ ಎಂದು ಹಿಂದೊಮ್ಮೆ ನೀನು ಕೇಳಿದ್ದೆ. ದೂರ, ಲಂಪೆದೂಸಾ ದ್ವೀಪದ ಆಚೆ. ಇಲ್ಲಿಯ ಕಡಲಿನಲ್ಲಿ ಮಕ್ಕಳಿಗೆ ಆಟವಾಡಲು ಸಿಗುವಷ್ಟು ಮೀನೂ ಉಳಿದಿಲ್ಲ. ಬಲೆ ಎಳೆದರೆ ಕೆಸರು, ಪ್ಲಾಸ್ಟಿಕ್, ಯಾರದೋ ಚಪ್ಪಲಿ. ಒಂದೇ ಚಪ್ಪಲಿ, ಜೊತೆ ಎಂದೂ ಸಿಗುವುದಿಲ್ಲ.

ಒಂದು ತಮಾಷೆ ಕೇಳು. ಕಡಲಿಗೆ ಸುಸ್ತಾಗಿದೆ, ದೋಣಿ ಕಡಿಮೆ ಮಾಡಬೇಕು ಎಂದು ಬ್ರಸೆಲ್ಸ್‌ನ ದೊಡ್ಡವರು ತೀರ್ಮಾನಿಸಿದ್ದಾರಂತೆ. ದೋಣಿ ಬಿಟ್ಟುಕೊಟ್ಟವನಿಗೆ ದುಡ್ಡು. ಗಾಸ್ಪರೆ ಅದನ್ನು ಓದಿ ಓದಿ ನಗುತ್ತಾನೆ.

“ಫರ್ಹಾತ್, ನಲವತ್ತು ವರ್ಷ ಮೀನು ಹಿಡಿದೆ, ಯಾವನೂ ಶಹಭಾಸ್ ಅನ್ಲಿಲ್ಲ. ಈಗ ಹಿಡೀಬೇಡಪ್ಪಾ ಅಂತ ಕೈಗೆ ದುಡ್ಡು ಕೊಡ್ತಾರಂತೆ ಕಣೋ!”

“ನಂಗೂ ಕೊಡ್ತಾರಾ ಯಜಮಾನ್ರೇ?”

“ನಿನ್ನ ಹತ್ರ ಬಿಟ್ಟುಕೊಡೋಕೆ ಏನಿದೆಯೋ?”

ನಾನೂ ನಕ್ಕೆ. ರೂಮಿಗೆ ಬಂದ ಮೇಲೆ ನಗು ಬರಲಿಲ್ಲ.

ಬೇಲಿ ನೆಟ್ಟ ಮೇಲೆ ಬರೆ.

ಫರ್ಹಾತ್


ಅತ್ತಾಯ
20 ಡಿಸೆಂಬರ್ 2002

ತಮ್ಮಾ,

ನೆಟ್ಟಾಯಿತು. ರಂಜಾನ್ ಶುರುವಾಗುವ ಮೊದಲೇ ಮುಗಿಸಿದೆವು. ಸೊಂಟಮಟ್ಟದ ನೀರಿನಲ್ಲಿ ನಾನೇ ನಿಂತು ಗರಿ ಕೊಟ್ಟೆ, ಪಕ್ಕದ ಪಾಲಿನ ಹಮ್ಮಾದಿ ಮತ್ತು ಅವನ ತಮ್ಮ ಚುಚ್ಚಿದರು. ದಡದಿಂದ ನೋಡಿದರೆ ಕಡಲಿಗೆ ಯಾರೋ ಹೊಲಿಗೆ ಹಾಕಿದಂತೆ ಕಾಣುತ್ತದೆ. ಮೀನು ಬೇಲಿಯ ಪಕ್ಕಪಕ್ಕವೇ ಈಜಿ ಕೊನೆಯ ಗೂಡಿಗೆ ಹೋಗಿ ಬೀಳಬೇಕು. ಅಪ್ಪನ ಕಾಲದಲ್ಲಿ ಬೀಳುತ್ತಿತ್ತು. ಈಗ ಗೂಡು ಎತ್ತಿದರೆ ಹೆಚ್ಚಿನ ದಿನ ಪಾಚಿ. ಹೊರಗೆ, ಕಡಲಿನೊಳಗಿನ ಆಳದ ಹಳ್ಳದ ಬಾಯಿಯ ಆಚೆ, ಎದುರು ದಡದ ಸ್ಫಾಕ್ಸ್‌ನ ಟ್ರಾಲರುಗಳು ತಳ ಕೆರೆಯುತ್ತವೆ. ಮರಿ ಮೀನು ಬೆಳೆಯುವ ಹುಲ್ಲೇ ಇಲ್ಲದಿದ್ದರೆ ಬೇಲಿ ಏನು ಮಾಡೀತು?

ಹಬ್ಬಕ್ಕೆ ಕುಸ್‌ಕುಸ್‌ಗೆ ಆಕ್ಟೋಪಸ್ ಹಾಕಲಿಲ್ಲ. ಸಿಕ್ಕಿದ್ದೆರಡನ್ನೂ ದಲ್ಲಾಳಿ ಬಂದು ಒದ್ದೆಯಿರುವಾಗಲೇ ಒಯ್ದ. ಇಟಲಿಯಲ್ಲಿ ಒಳ್ಳೆಯ ಬೆಲೆಯಂತೆ. ನಾವು ಕೋಳಿ ತಿಂದೆವು. ದ್ವೀಪದವರು ಹಬ್ಬಕ್ಕೆ ಕೋಳಿ ತಿಂದರೆ ಅಪ್ಪ ಎದ್ದು ಬಂದು ಬಡಿಯುತ್ತಿದ್ದರು. ನೀನು ಅಲ್ಲಿ ನಮ್ಮ ಆಕ್ಟೋಪಸ್ ತಿನ್ನುತ್ತಿರಬಹುದು, ತಿಂದರೆ ನಮ್ಮನ್ನು ನೆನೆಸಿಕೋ.

ಮೊನ್ನೆ ಒಬ್ಬ ಅಧಿಕಾರಿ ಕೋಟು ಹಾಕಿಕೊಂಡು ಬಂದಿದ್ದ. ರಫ್ತು ಏರಿದೆ, ದ್ವೀಪ ಬೆಳೆಯುತ್ತಿದೆ ಎಂದು ಕಾಫಿ ಅಂಗಡಿಯಲ್ಲಿ ಭಾಷಣ. ಅಶೂರ್ ಮಾವ ಕೇಳಿದರು, “ಎಲ್ಲಿ ಬೆಳೀತಿದೆ ಸ್ವಲ್ಪ ತೋರ್ಸಪ್ಪಾ. ನಂಗೆ ಕಣ್ಣು ಮಂಜು.”

“ಅಂಕಿ ಅಂಶ ಇದೆ ಹಾಜಿ.”

“ಅದನ್ನೇ ಸ್ವಲ್ಪ ಹುರಿದು ಕೊಡು, ಊಟದ ಹೊತ್ತಾಯ್ತು.”

ಜನ ಬಿದ್ದು ಬಿದ್ದು ನಕ್ಕರು. ಅವನೂ ಪಾಪ ನಕ್ಕ. ನಂತರ ದೋಣಿಗೆ ಹೊತ್ತಾಯಿತೆಂದು ಓಡಿದ.

ನೀನು ಕಳಿಸಿದ್ದರಲ್ಲಿ ಸ್ವಲ್ಪ ಉಳಿದಿದೆ. ನಿನ್ನ ಯಜಮಾನ ಒಳ್ಳೆಯವನಿರಬೇಕು. ದೇವರು ಅವನ ದೋಣಿಗೆ ಒಳ್ಳೆಯದು ಮಾಡಲಿ.

ಅಕ್ಕ


ಮಜಾರಾ
3 ಫೆಬ್ರವರಿ 2003

ಅಕ್ಕಾ,

ಒಳ್ಳೆಯ ಸುದ್ದಿ. ಈ ತಿಂಗಳು ಮುಗಿಯುವುದರೊಳಗೆ ಸ್ಫಾಕ್ಸ್‌ಗೆ ಬರುತ್ತೇನೆ. ಬಂದರಿನಲ್ಲಿ ಕೆಲಸ ಸಿಕ್ಕಿದೆ.

ಗಾಸ್ಪರೆ ದೋಣಿ ಬಿಟ್ಟುಕೊಟ್ಟ. ಸರ್ಕಾರದ ದುಡ್ಡು ಬಂತು. ಮಗಳ ಊರಿನಲ್ಲಿ ನಿಂಬೆ ತೋಟ ಕೊಂಡಿದ್ದಾನೆ. ನಮ್ಮನ್ನೆಲ್ಲ ಅಪ್ಪಿಕೊಂಡು ಅತ್ತ. ಅಳು ನಿಜವೇ ಆಗಿತ್ತು, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇಲ್ಲಿ ನನ್ನಂಥವನಿಗೆ ಇನ್ನೊಂದು ದೋಣಿ ಸಿಗುವುದಿಲ್ಲ. ಇರುವ ದೋಣಿಗಳೇ ಕಡಿಮೆಯಾಗುತ್ತಿವೆ, ಕೆಲಸವಿಲ್ಲದಿದ್ದರೆ ಇರಲು ಕಾಗದಪತ್ರವೂ ಇಲ್ಲ. ಸ್ಫಾಕ್ಸ್‌ನ ಒಬ್ಬ ಸಾಹುಕಾರನಿಗೆ ನನ್ನಂಥ ಆಳು ಬೇಕಾಗಿತ್ತು. ಒಪ್ಪಿಕೊಂಡೆ.

ಇಷ್ಟು ವರ್ಷಕ್ಕೆ ಹತ್ತಿರವಾದರೂ ಬರುತ್ತೇನೆ. ಒಣ ಆಕ್ಟೋಪಸ್ ಹಾಕಿ ಬಾರ್ಲಿ ಗಂಜಿ ಮಾಡಿಡು.

ಸ್ಫಾಕ್ಸ್‌ನ ವಿಳಾಸ ಕೆಳಗಿದೆ.

ಫರ್ಹಾತ್


ಅತ್ತಾಯ
16 ಮಾರ್ಚ್ 2003

ಫರ್ಹಾತ್,

ಗಂಜಿ ಮಾಡಿದೆ. ಹಳಸಿತು. ಮತ್ತೆ ಮಾಡಿದೆ, ಬೆಕ್ಕಿಗೆ ಹಾಕಿದೆ. ನೀನು ಸ್ಫಾಕ್ಸ್‌ಗೆ ಬಂದು ಎಷ್ಟು ದಿನವಾಯಿತು? ದೋಣಿ ಹತ್ತಿದರೆ ಒಂದೂಕಾಲು ಗಂಟೆಯ ದಾರಿ. ಸಿಸಿಲಿಯಲ್ಲಿದ್ದಾಗಲೇ ನೀನು ಹತ್ತಿರವಿದ್ದೆ ಅನ್ನಿಸುತ್ತಿದೆ.

ಇಲ್ಲಿ ಅನಾಹುತವಾಗಿದೆ. ಒಂದು ದೊಡ್ಡ ಟ್ರಾಲರ್ ಬರುತ್ತಿದೆ, ಬಿಳಿ ಬಣ್ಣ, ‘ಬರಕಾ’ ಎಂದು ಹೊಸದಾಗಿ ಬರೆದಿದ್ದಾರಂತೆ, ದೇವರ ಕೃಪೆ ಎನ್ನುವ ಹೆಸರು ಬೇರೆ. ಮುಂಜಾನೆ ಮಂಜು ಮುಸುಕಿದಾಗ ಹಳ್ಳದೊಳಗೇ ನುಗ್ಗಿ ಅಂಚಿನುದ್ದಕ್ಕೂ ಬಲೆ ಎಳೆದುಕೊಂಡು ಹೋಗಿದೆ. ಹಮ್ಮಾದಿಯ ಬೇಲಿ ಪೂರ್ತಿ ಕಿತ್ತುಹೋಗಿದೆ. ಅದರ ಆಚೆಯ ಪಾಲುಗಳೂ ಹೋದವು. ಗರಿಗಳು ದಡಕ್ಕೆ ಬಂದು ಬಿದ್ದಿವೆ. ಹಮ್ಮಾದಿ ಒಂದೊಂದನ್ನೇ ಎತ್ತಿ ನೋಡಿ ಇಡುತ್ತಿದ್ದ.

ಎಲ್ಲರ ಬಾಯಲ್ಲೂ ಒಂದೇ ಮಾತು. ಸುತ್ತಲೂ ಮೊಣಕಾಲುದ್ದ ನೀರು. ಕಡಲಿನೊಳಗಿನ ಆ ಹಳ್ಳ ಎಲ್ಲಿ ತಿರುಗುತ್ತದೆ, ಎಲ್ಲಿ ಕಿರಿದಾಗುತ್ತದೆ ಎಂದು ಸ್ಫಾಕ್ಸ್‌ನ ಯಾವನಿಗೂ ಗೊತ್ತಿಲ್ಲ. ಚುಕ್ಕಾಣಿ ಹಿಡಿದವನು ದ್ವೀಪದವನೇ.

ಅಶೂರ್ ಮಾವ, “ಅವನಿಗೆ ದಾರಿ ತೋರಿಸಿದ ಅಪ್ಪ ಗೋರಿಯೊಳಗೆ ಮಗ್ಗುಲು ಬದಲಾಯಿಸ್ತಿರ್ತಾನೆ” ಎಂದರು. ನಾನೂ ಸೇರಿಕೊಂಡು ಶಾಪ ಹಾಕಿದೆ. ಅವನ ಕೈ ಸೇದಿಹೋಗಲಿ ಎಂದೆ. ಬಂದರಿನಲ್ಲಿ ಇರುತ್ತೀಯಲ್ಲ, ಆ ದೋಣಿ ಯಾರದು, ಅದರಲ್ಲಿ ನಮ್ಮೂರಿನವನು ಯಾರು ಎಂದು ವಿಚಾರಿಸು.

ಅಕ್ಕ


ಸ್ಫಾಕ್ಸ್
25 ಮಾರ್ಚ್ 2003

ಅಕ್ಕಾ,

ರಜೆ ಇಲ್ಲ. ಮಂಜುಗಡ್ಡೆಯ ಗೋದಾಮಿನಲ್ಲಿ ಹಗಲಿಡೀ ಕೆಲಸ. ಆ ದೋಣಿಯ ವಿಷಯ ವಿಚಾರಿಸಿದೆ, ಯಾರೂ ಬಾಯಿ ಬಿಡುವುದಿಲ್ಲ. ನೀನು ಅದರ ಗೋಜಿಗೆ ಹೋಗಬೇಡ. ದೊಡ್ಡವರ ವ್ಯವಹಾರ.

ಸ್ವಲ್ಪ ದುಡ್ಡು ಕಳಿಸಿದ್ದೇನೆ. ನಮ್ಮ ಬೇಲಿ ಚೆನ್ನಾಗಿದೆಯಲ್ಲ?

ಫರ್ಹಾತ್


ಅತ್ತಾಯ
6 ಏಪ್ರಿಲ್ 2003

ಫರ್ಹಾತ್,

ಚೆನ್ನಾಗಿದೆ. ನಮ್ಮದೊಂದೇ ಚೆನ್ನಾಗಿದೆ.

ಆ ದೋಣಿ ಮತ್ತೆ ಬಂದಿತ್ತು. ಹಮ್ಮಾದಿ ಸಾಲ ಸೋಲ ಮಾಡಿ ಮತ್ತೆ ನೆಟ್ಟಿದ್ದು ಹೋಯಿತು. ಆ ಸಾಲಿನಲ್ಲಿ ಉಳಿದಿದ್ದವೂ ಹೋದವು. ನಮ್ಮದರಲ್ಲಿ ಒಂದು ಗರಿಯೂ ಅಲುಗಿಲ್ಲ. ನೀರಿಳಿದಾಗ ಎಲ್ಲರೂ ಹೋಗಿ ತಳ ನೋಡಿ ಬಂದಿದ್ದಾರೆ. ಬಲೆ ಉತ್ತ ಗೆರೆ ಹಮ್ಮಾದಿಯ ಪಾಲು ದಾಟಿ ನೇರ ಬರುತ್ತದೆ, ನಮ್ಮ ಬೇಲಿಯ ಹತ್ತಿರ ಬಂದು ಆಚೆ ತಿರುಗುತ್ತದೆ, ನಮ್ಮದು ಮುಗಿದ ಮೇಲೆ ಮತ್ತೆ ಅಂಚಿಗೆ ಬರುತ್ತದೆ.

ಮೊದಲು ದೇವರು ಕಾಪಾಡಿದ ಎಂದುಕೊಂಡೆ. ವಿಧವೆಯ ಅನ್ನ ಎಂದು ಉಳಿಸಿದ ಎಂದು ಹಮ್ಮಾದಿಯ ಹೆಂಡತಿಗೆ ಹೇಳಿದೆ, ನನ್ನ ಬುದ್ಧಿಗಿಷ್ಟು. ಅವಳು ನನ್ನ ಮುಖವನ್ನೇ ನೋಡಿ, “ದೇವ್ರಿಗೆ ನಿಮ್ಮ ಪಾಲಿನ ಗಡಿ ಚೆನ್ನಾಗಿ ಗೊತ್ತು ಬಿಡಮ್ಮ” ಎಂದಳು. ಅಂದಿನಿಂದ ನೀರಿನ ಟ್ಯಾಂಕಿನ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತದೆ.

ಅಶೂರ್ ಮಾವ ಎಲ್ಲರನ್ನೂ ಸೀದಿ ಸಾಲಮ್ ದರ್ಗಾಕ್ಕೆ ಕರೆಸಿದರು. ಸ್ಫಾಕ್ಸ್‌ನ ದೋಣಿಗಳಲ್ಲಿ ಯಾರ ಮನೆಯವರಿದ್ದಾರೋ ಅವರು ಗೋರಿಯ ಮೇಲೆ ಕೈಯಿಟ್ಟು ಆಣೆ ಮಾಡಬೇಕು. ನನ್ನ ಸರದಿ ಬಂದಾಗ ಮಾವ ಮೆಲ್ಲಗೆ, “ನಿನ್ನ ತಮ್ಮ ದೋಣಿ ಮೇಲಿಲ್ಲ ಅಲ್ವಾ? ಹಾಗಿದ್ರೆ ನೀನು ಮಾಡೋದೇನೂ ಬೇಡ” ಎಂದರು. ಬಿಡಿಸಲು ನೋಡಿದರು, ಒಳ್ಳೆಯ ಮನುಷ್ಯ.

“ಯಾಕ್ ಬೇಡ? ಮಾಡ್ತೀನಿ. ನನ್ನ ತಮ್ಮ ಗೋದಾಮಿನಲ್ಲಿ ಮಂಜುಗಡ್ಡೆ ಹೊರ್ತಾನೆ. ಅವನು ಆ ಚುಕ್ಕಾಣಿ ಮುಟ್ಟಿದ್ರೆ ಈ ಕಡಲು ನಮ್ಮ ಮನೆಗೆ ಹರಾಮ್ ಆಗ್ಲಿ” ಎಂದು ಎಲ್ಲರ ಎದುರು, ಎರಡೂ ಕೈಯಿಟ್ಟು ಹೇಳಿದೆ. ಹಮ್ಮಾದಿ ತಲೆ ತಗ್ಗಿಸಿದ. ಅವನ ಹೆಂಡತಿ ನನ್ನ ಭುಜ ಹಿಡಿದುಕೊಂಡಳು.

ಆಣೆ ಮಾಡಿ ಬಂದವಳಿಗೆ ನಿದ್ದೆ ಬರಬೇಕಿತ್ತಲ್ಲ. ಬರುತ್ತಿಲ್ಲ. ನಮ್ಮ ಬೇಲಿ ಚೆನ್ನಾಗಿದೆಯಲ್ಲ ಎಂದು ನೀನು ಯಾಕೆ ಕೇಳಿದೆ? ಹೇಗಿದೆ ಎಂದು ಕೇಳಬಹುದಿತ್ತು. ಕಣ್ಣಾರೆ ಕಂಡವನ ಹಾಗೆ ಕೇಳಿದ್ದೀಯ.

ಏನಾದರೂ ಇದ್ದರೆ ಬರೆ. ಇಲ್ಲದಿದ್ದರೂ ಬರೆ.

ಅಕ್ಕ


ಸ್ಫಾಕ್ಸ್
11 ಏಪ್ರಿಲ್ 2003

ಅಕ್ಕಾ,

ಆಣೆ ಯಾಕೆ ಮಾಡಿದೆ? ಮಾವ ಬೇಡ ಎಂದಿದ್ದರಲ್ಲ.

ಚುಕ್ಕಾಣಿ ಹಿಡಿದವನು ನಾನು. ‘ಬರಕಾ’ ಎಂದರೆ ಗಾಸ್ಪರೆಯ ದೋಣಿಯೇ. ಸರ್ಕಾರದ ದುಡ್ಡು ಸಿಗಲು ದೋಣಿ ಇಟಲಿಯ ಕಡಲಿನ ಲೆಕ್ಕದಿಂದ ಹೊರಗೆ ಹೋದರೆ ಸಾಕಿತ್ತು. ಒಡೆದರೂ ಸರಿ, ಬೇರೆ ದೇಶಕ್ಕೆ ದಾಟಿಸಿದರೂ ಸರಿ. ಒಡೆಯಲು ಯಾರಿಗೆ ಮನಸ್ಸು ಬರುತ್ತದೆ? ಅವನು ಅಲ್ಲಿಯ ದುಡ್ಡೂ ತೆಗೆದುಕೊಂಡ, ಇಲ್ಲಿಯ ಸಾಹುಕಾರನಿಂದಲೂ ತೆಗೆದುಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಹಾಗೆ. ದಣಿದಿದ್ದು ಅವರ ಕಡಲು, ಬರೆ ಬಿದ್ದಿದ್ದು ನಮ್ಮ ಕಡಲಿಗೆ. ನಾನು ಹಿಡಿದದ್ದು ಅದೇ ವಾರ ಹಡಗು ಹತ್ತಿ ಮಜಾರಾಕ್ಕೇ ಹೋಗುತ್ತದೆ. ಗಾಸ್ಪರೆ ಪೇಟೆಯಲ್ಲಿ ಕೊಂಡು ತಿನ್ನುತ್ತಿರಬಹುದು. ಇಲ್ಲಿಯ ಕಚೇರಿಯಲ್ಲಿ ರಫ್ತು ಮತ್ತೆ ಏರಿತು ಎಂದು ಗೋಡೆಗೆ ಕಾಗದ ಅಂಟಿಸಿದ್ದಾರೆ. ಅದರಲ್ಲಿ ನನ್ನ ಬೆವರೂ ಇದೆ, ಹಮ್ಮಾದಿಯ ಬೇಲಿಯೂ ಇದೆ.

ಲಂಪೆದೂಸಾದ ಆಚೆ ಎಂದು ಬರೆದಿದ್ದೆ. ಆಚೆ ಎಂದರೆ ನಮ್ಮ ಕೊಲ್ಲಿ. ಸಿಸಿಲಿಯಲ್ಲಿ ಇದ್ದಾಗಲೂ ನಾವು ಇಲ್ಲಿಗೇ ಕದ್ದು ಬರುತ್ತಿದ್ದೆವು. ನೀನು ಗರಿ ಕೊಂಡದ್ದು ಆ ದುಡ್ಡಿನಲ್ಲಿ.

ಆಳವಾದ ನೀರಿನಲ್ಲಿ ಮಾತ್ರ ಹಿಡಿಯುತ್ತೇವೆ ಎಂದು ಹೇಳಿ ಕರೆತಂದರು. ಬಂದ ಮೇಲೆ ಸಾಹುಕಾರ ಹೇಳಿದ, “ಹೊರಗೆ ಏನಿದೆಯೋ ಬೆಪ್ಪೇ? ಹಳ್ಳದೊಳಗೆ ತಗೊಂಡು ಹೋಗು. ನಿಂಗೆ ದಾರಿ ಗೊತ್ತು ಅಂತ್ಲೇ ಕರ್ಸಿದ್ದು. ಆಗಲ್ಲ ಅಂದ್ರೆ ಇಳಿ, ಕೆರ್ಕೆನ್ನಾದಲ್ಲಿ ಬರೋರು ಬೇಕಾದಷ್ಟು ಜನ ಇದ್ದಾರೆ.” ಇದ್ದಾರೆ ಅಕ್ಕಾ. ನನ್ನ ಹಿಂದೆಯೇ ಇಬ್ಬರು ನಿಂತಿದ್ದರು. ಅವರಾದರೆ ನಮ್ಮ ಬೇಲಿಯನ್ನೂ ಬಿಡುತ್ತಿರಲಿಲ್ಲ. ನಾನಾದರೆ ನಮ್ಮದನ್ನಾದರೂ ಉಳಿಸುತ್ತೇನೆ ಎಂದುಕೊಂಡೆ. ಜೂನ್ ದಾಟಿದರೆ ಪಾಲು ನಮ್ಮದೇ. ಇನ್ನೇನು ಸ್ವಲ್ಪ ದಿನ. ಪ್ರತಿ ಸಲ ನಿನ್ನ ಬೇಲಿಯ ತುದಿ ಮಂಜಿನಲ್ಲಿ ಕಂಡ ಕೂಡಲೇ ಚುಕ್ಕಾಣಿ ಪೂರ್ತಿ ತಿರುಗಿಸುತ್ತೇನೆ. ಬಲೆಯವರು ಬೈಯುತ್ತಾರೆ, ಬೈಯಲಿ.

ನಿನ್ನನ್ನು ಉಳಿಸಿದೆ ಎಂದುಕೊಂಡಿದ್ದೆ. ಊರಿನವರ ಬಾಯಿಗೆ ಹಾಕಿದ್ದೇನೆ ಎಂದು ತಿಳಿಯಲಿಲ್ಲ.

ಸುಸ್ತಾಗಿದೆ. ಏನು ಮಾಡಲಿ ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ. ಆದರೆ ಬೇಲಿ ಮಾತ್ರ ಜೂನ್‌ವರೆಗೆ ನಿಂತಿರಲಿ.

ಫರ್ಹಾತ್


ಅತ್ತಾಯ
28 ಏಪ್ರಿಲ್ 2003

ಫರ್ಹಾತ್,

ನಿನ್ನ ಕಾಗದ ಬಂದ ದಿನ ಅತ್ತೆ, ಬೈದೆ. ಅಪ್ಪನನ್ನೂ ಬೈದೆ, ನಿನಗೆ ಆ ಹಳ್ಳದ ದಾರಿ ಕಲಿಸಿದ್ದಕ್ಕೆ. ಈಗ ಬೈಯಲು ಶಕ್ತಿ ಉಳಿದಿಲ್ಲ.

ನೀನು ಇಳಿದರೆ ಇನ್ನೊಬ್ಬ ಹತ್ತುತ್ತಾನೆ. ಅದು ನನಗೂ ಗೊತ್ತು. ಈ ತಿಂಗಳು ಹಮ್ಮಾದಿಯೂ ಸ್ಫಾಕ್ಸ್‌ಗೆ ಹೋಗಿ ಟ್ರಾಲರುಗಳಲ್ಲಿ ಕೆಲಸ ಕೇಳಿ ಬಂದ. ಬೇಲಿ ಹೋದವನು ಇನ್ನೆಲ್ಲಿಗೆ ಹೋಗುತ್ತಾನೆ? ಅವನ ಹೆಂಡತಿ ಮೀನಿನ ಕಾರ್ಖಾನೆಗೆ ಸೇರಿದ್ದಾಳೆ, ಆಕ್ಟೋಪಸ್ ತೊಳೆಯುವುದು. ನನ್ನನ್ನೂ ಕರೆದಳು. ಆ ಮಾತು ನನ್ನನ್ನು ಕೊಂದಿತು. ನನ್ನ ಆಣೆ ನಂಬಿ ಕರೆದಳು.

ಶುಕ್ರವಾರ ನಮಾಜಿನ ನಂತರ, ಗಂಡಸರೆಲ್ಲ ದಡದಲ್ಲಿ ಕೂತಿದ್ದಾಗ, ನಾನು ಲಂಗ ಎತ್ತಿ ಕಟ್ಟಿಕೊಂಡು ನೀರಿಗಿಳಿದೆ. ತುದಿಯ ಗೂಡಿನಿಂದ ಶುರುಮಾಡಿ ಗರಿ ಕಿತ್ತೆ. ಎಷ್ಟು ಆಳಕ್ಕೆ ಚುಚ್ಚಿದ್ದೆವೋ, ಒಂದೊಂದಕ್ಕೂ ಕೈ ಕಿತ್ತುಬಂತು. ಮೊದಲು ಯಾರೂ ಏಳಲಿಲ್ಲ. ಕೊನೆಗೆ ಅಶೂರ್ ಮಾವ ಜುಬ್ಬಾ ನೆನೆಸಿಕೊಂಡು ನೀರೊಳಗೆ ಬಂದರು.

“ಏನ್ ಮಾಡ್ತಿದ್ದೀಯಾ ಮಗಳೇ? ಜೂನ್‌ಗೆ ಇನ್ನೆಷ್ಟು ದಿನ ಇದೆ! ಈಗ ಕಿತ್ರೆ ಪಾಲು ಹೋಗುತ್ತೆ.”

“ಗೊತ್ತು ಮಾವ.”

“ಯಾಕೆ?”

“ನನ್ನ ಆಣೆ ನಿಲ್ಲಲಿಲ್ಲ.”

ಅವರಿಗೆ ಆ ಮಾತು ಚೆನ್ನಾಗಿ ಕೇಳಿಸಿತು. ನಿನ್ನ ಹೆಸರು ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಆಮೇಲೆ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಇನ್ನೊಂದು ತುದಿಯಿಂದ ಅವರೂ ಕೀಳತೊಡಗಿದರು. ಆ ವಯಸ್ಸಿನಲ್ಲಿ. ಹಮ್ಮಾದಿ ದಡದಲ್ಲಿ ಎದ್ದು ನಿಂತ, ನೀರಿನ ತನಕ ಬಂದ, ಮತ್ತೆ ತಿರುಗಿ ಮನೆಗೆ ಹೋದ.

ಪಾಲು ಊರಿಗೆ ಸೇರಿದೆ. ಮುಂದಿನ ವರ್ಷ ಯಾರು ನೆಡುತ್ತಾರೋ, ನೆಡುವವರು ಇರುತ್ತಾರೋ ಇಲ್ಲವೋ. ಮುಂದಿನ ಸೋಮವಾರದಿಂದ ನಾನು ಕಾರ್ಖಾನೆಗೆ ಹೋಗುತ್ತೇನೆ. ನಿನ್ನ ದೋಣಿಯ ಮೀನು ನನ್ನ ಕೈಗೇ ಬರುತ್ತದೆ. ದುಡ್ಡು ಕಳಿಸಬೇಡ.

ಮಂಜಿನಲ್ಲಿ ಹಳ್ಳದ ಆ ತಿರುವಿಗೆ ಬಂದಾಗ ಇನ್ನು ಚುಕ್ಕಾಣಿ ತಿರುಗಿಸಬೇಡ, ಬಲೆಯವರಿಂದ ಬೈಸಿಕೊಳ್ಳಬೇಡ. ನೇರ ಹೋಗು. ಅಲ್ಲಿ ಈಗ ನಮ್ಮದು ಏನೂ ಇಲ್ಲ.

ಮನ್ನೂಬಿಯಾ